ನಾಲ್ಕನೆಯ ಟೇಬಲ್ಲಿಗೆ ಎರಡು ಹೆಸರು

ಬಾಲಮ್ಮ ಗಂಡ ದಿವಂಗತ ಅಯ್ಯಪ್ಪ, ವಯಸ್ಸು 54 ವರ್ಷ, ಉದ್ಯೋಗ ಸರಕಾರಿ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವಳು, ಸಾಕಿನ್ ಗೋಗಿ, ತಾಲ್ಲೂಕು ಶಹಾಪುರ, ಜಿಲ್ಲೆ ಯಾದಗಿರಿ, ಆದ ನಾನು ಇಂದು ದಿನಾಂಕ 10-02-2019ರ ಭಾನುವಾರ ಸಂಜೆ 4-15 ಗಂಟೆಗೆ ಶಹಾಪುರ ಪೊಲೀಸ್ ಠಾಣೆಯಲ್ಲಿ ಹಾಜರಿದ್ದು, ನನ್ನ ಅಳಿಯ ಕೊಟ್ಟ ದೂರಿನ ಬಗ್ಗೆ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ,

ನನಗೆ ಇದ್ದವಳು ಒಬ್ಬಳೇ ಮಗಳು, ದೇವಕಮ್ಮ. ಆಕೆಯನ್ನು 2012ರಲ್ಲಿ ಸುರಪುರದ ಮರಿಲಿಂಗಪ್ಪ ಎಂಬುವನಿಗೆ ಕೊಟ್ಟು ಮದುವೆ ಮಾಡಿದೆ. ಆತ ಬೀಜ-ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತ. ಮಗಳು ಕಾಮಣಿ, ಅಂದರೆ ಕಾಮಾಲೆ ಬೇನೆಯಿಂದ 2016ರ ಜುಲೈ ತಿಂಗಳಲ್ಲಿ ತೀರಿಕೊಂಡಳು. ಆಗ ಆಕೆಯ ಕೂಸು ಮಲಕಮ್ಮನಿಗೆ ಒಂದು ವರ್ಷ ಒಂಬತ್ತು ತಿಂಗಳು. ಈಗ ನಾಲ್ಕು ವರ್ಷ ನಾಲ್ಕು ತಿಂಗಳು.

ಮಗಳನ್ನು ಮಣ್ಣು ಮಾಡಿ ಬಂದ ದಿನ ನಾನು ಅಳಿಯನ ಮನೆಯ ಬಾಗಿಲಲ್ಲಿ ನಿಂತು, ಬಂದ ಮಂದಿಯೆಲ್ಲ ಕೇಳುವಂತೆ, ಹನ್ನೊಂದು ದಿನ ಗಿಡಮೂಲಿಕೆ ಕುಡಿಸಿ ಕೂತಿ, ದವಾಖಾನಿ ಎಲ್ಲಿ ಅದ ಅಂತ ಗೊತ್ತಿರಲಿಲ್ಲೇನು, ನನ್ನ ಮಗಳನ್ನ ನೀನೇ ಕೊಂದಿ ಎಂದು ಅಂದೆ. ಇದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ನನ್ನ ನಾಲಿಗೆ ಉದ್ದ. ಶಾಲೆಯಲ್ಲಿ ಹೆಡ್ ಮಾಸ್ತರರೂ ಇದನ್ನೇ ಹೇಳುತ್ತಾರೆ. ಆ ಮಾತಿನ ನಂತರ ಅಳಿಯ ಕೂಸನ್ನು ನನಗೆ ತೋರಿಸಲಿಲ್ಲ. ಒಂದು ವರ್ಷ ಹನ್ನೊಂದು ತಿಂಗಳು ತೋರಿಸಲಿಲ್ಲ.

2018ರ ಜೂನ್ ತಿಂಗಳಲ್ಲಿ ಎರಡೂ ಕಡೆಯ ಹಿರಿಯರಾದ ಅಂಬ್ರಪ್ಪ, ನಿವೃತ್ತ ಶಿಕ್ಷಕರು, ಇವರು ಇಬ್ಬರನ್ನೂ ಕೂಡಿಸಿ ಒಂದು ಕರಾರು ಬರೆಸಿದರು. ಎರಡು ತಿಂಗಳಿಗೊಮ್ಮೆ, ಎರಡನೆಯ ಭಾನುವಾರ, ಮಧ್ಯಾಹ್ನ 12-00ರಿಂದ 1-30ರವರೆಗೆ ಕೂಸು ನನ್ನ ಹತ್ತಿರ ಇರಬೇಕು. ಗೋಗಿಯೂ ಬೇಡ, ಸುರಪುರವೂ ಬೇಡ, ನಡುವೆ ಶಹಾಪುರ–ಸುರಪುರ ರಸ್ತೆಯಲ್ಲಿ ಇರುವ ನೀರಾಟದ ಪಾರ್ಕಿನ ಹೋಟೆಲಿನಲ್ಲಿ ಆಗಲಿ ಎಂದರು. ಅಲ್ಲಿ ಕಿಟಕಿ ಪಕ್ಕದ ನಾಲ್ಕನೆಯ ಟೇಬಲ್ಲಿನಲ್ಲಿಯೇ ಕೂಡಬೇಕು, ಏಕೆಂದರೆ ಅದು ಗೇಟಿನಿಂದ ಕಾಣುತ್ತದೆ. ಅಳಿಯ ಗೇಟಿನ ಹೊರಗೆ ಚಹಾದ ಅಂಗಡಿಯಲ್ಲಿ ಕೂತಿರುತ್ತಾನೆ. ಕೂಸನ್ನು ಹೋಟೆಲಿನಿಂದ ಆಚೆ ಒಯ್ದರೆ ಅಲ್ಲಿಗೇ ಕರಾರು ಪೂರ್ತಿ ಮುಗಿಯಿತು. ನಾನು ಓದಿ ನೋಡಿಯೇ ಸಹಿ ಮಾಡಿದ್ದೇನೆ. ಓದದೆ ಮಾಡಿದೆ ಎಂದು ಈಗ ಹೇಳುವುದಿಲ್ಲ.

ಹಿಂದೆ ನಾಲ್ಕು ಸಲ ಹೀಗೆ ಕೂತಿದ್ದೇವೆ. ನಾಲ್ಕೂ ಸಲ ಹೋಟೆಲಿನ ಇಡ್ಲಿ, ಅನ್ನ ತರಿಸಿ ಉಣಿಸಿದ್ದೇನೆ. ಹೊರಗಿನ ಊಟ ತರಬಾರದು ಎಂದು ಅಲ್ಲಿ ಬೋರ್ಡು ಹಾಕಿದ್ದಾರೆ.

ಭಾನುವಾರ ಆ ಹೋಟೆಲಿನಲ್ಲಿ ಬಹಳ ರಶ್ ಇರುತ್ತದೆ. ಮೊದಲೇ ಹೆಸರು ಬರೆಸದಿದ್ದರೆ ಟೇಬಲ್ ಸಿಗುವುದಿಲ್ಲ. ಫೋನಿನಲ್ಲಿ ಹೇಳಿದರೂ ಬರೆದುಕೊಳ್ಳುತ್ತಾರೆ, ಆದರೆ ನನಗೆ ಫೋನಿನ ಮೇಲೆ ನಂಬಿಕೆ ಇಲ್ಲ. ಆದ್ದರಿಂದ ದಿನಾಂಕ 03-02-2019ರಂದು ನಾನೇ ಗೋಗಿಯಿಂದ ಶೇರ್ ಆಟೋದಲ್ಲಿ ಶಹಾಪುರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಪಾರ್ಕಿಗೆ ಹೋಗಿ, ಹೋಟೆಲಿನ ಮ್ಯಾನೇಜರ್ ಭೀಮರಾಯ ಇವರ ಎದುರಿಗೆ ನಿಂತು ಹೆಸರು ಬರೆಸಿದೆ. ಅವರು ಚೀಟಿ ಕೊಟ್ಟರು. ಟೇಬಲ್ 4, ಸಮಯ 12-00, ಜನ 2 ಎಂದು ಅದರಲ್ಲಿ ಇದೆ. ಚೀಟಿಯನ್ನು ಠಾಣೆಗೆ ಹಾಜರುಪಡಿಸಿದ್ದೇನೆ.

ಇಂದು ಬೆಳಿಗ್ಗೆ 5-00ಕ್ಕೆ ಎದ್ದು ಗೋಧಿ ಹುಗ್ಗಿ ಮಾಡಿದೆ. ನನ್ನ ಮಗಳಿಗೆ ಅದು ಬಹಳ ಸೇರುತ್ತಿತ್ತು. ಕೂಸಿಗೆ ಒಮ್ಮೆಯಾದರೂ ಮನೆಯದು ಉಣಿಸಬೇಕು, ಬೋರ್ಡು ಇದ್ದರೆ ಇರಲಿ, ಸೀರೆಯ ಸೆರಗು ಅಡ್ಡ ಹಿಡಿದು ಉಣಿಸುತ್ತೇನೆ ಎಂದುಕೊಂಡು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡೆ. 9-20ಕ್ಕೆ ಮನೆ ಬಿಟ್ಟು 11-35ಕ್ಕೆ ಹೋಟೆಲ್ ಮುಟ್ಟಿದೆ. ನಾಲ್ಕನೆಯ ಟೇಬಲ್ ಖಾಲಿ ಇತ್ತು. ಬಸ್ಸಿನಲ್ಲಿ ಸೀಟಿಗೆ ಹಾಕುವಂತೆ ನನ್ನ ಟವೆಲ್ಲನ್ನು ಅದರ ಮೇಲೆ ಹಾಸಿ, 11-50ಕ್ಕೆ ಕೂಸನ್ನು ಕರೆದುಕೊಳ್ಳಲು ಗೇಟಿಗೆ ಹೋದೆ. ಹೋಟೆಲಿನಿಂದ ಗೇಟಿಗೆ ಸುಮಾರು 60 ಹೆಜ್ಜೆ.

12-00ಕ್ಕೆ ಸರಿಯಾಗಿ ಅಳಿಯ ಮೋಟಾರ್ ಸೈಕಲ್ ಮೇಲೆ ಕೂಸನ್ನು ತಂದು ಬಿಟ್ಟ. ಮೋಟಾರ್ ಸೈಕಲ್ ತಿರುಗಿಸಿಕೊಂಡು ಚಹಾದ ಅಂಗಡಿಗೆ ಹೋದ. ಕೂಸಿನ ಕೈ ಹಿಡಿದುಕೊಂಡು 12-06ಕ್ಕೆ ಒಳಗೆ ಬಂದಾಗ ನನ್ನ ಟವೆಲ್ ಮಡಚಿ ಮ್ಯಾನೇಜರ್ ಹಣ ತೆಗೆದುಕೊಳ್ಳುವ ಗಲ್ಲೆಯ ಮೇಲೆ ಇಟ್ಟಿತ್ತು. ನಾಲ್ಕನೆಯ ಮತ್ತು ಐದನೆಯ ಟೇಬಲ್ಲುಗಳನ್ನು ಕೂಡಿಸಿ ಹನ್ನೊಂದು ಜನ ಕೂತಿದ್ದರು.

ಅವರು ಸುರಪುರದ ಬಳೆ ವ್ಯಾಪಾರಿ ಖಾಜಾಹುಸೇನ ಮತ್ತು ಅವರ ಮನೆಯವರು. ಅವರ ತಾಯಿ ಹಜರಾಬೀ, ವಯಸ್ಸು ಎಪ್ಪತ್ತರ ಮೇಲೆ, ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೊರಟಿದ್ದರು. ಯಾದಗಿರಿಯಿಂದ 3-40ರ ರೈಲು ಹಿಡಿಯಬೇಕಾಗಿತ್ತು. ದಾರಿಯಲ್ಲಿ ಎಲ್ಲರೂ ಕೂಡಿ ಒಂದು ಊಟ ಮಾಡೋಣವೆಂದು ಮೊದಲೇ ಹೆಸರು ಬರೆಸಿದ್ದರು. ಖಾಜಾಹುಸೇನ ತಮ್ಮ ಚೀಟಿ ತೋರಿಸಿದರು. ಟೇಬಲ್ 4 ಮತ್ತು 5, ಸಮಯ 12-00 ಎಂದು ಅದೇ ಕೈಬರಹದಲ್ಲಿ ಇತ್ತು.

ನಾನು ಭೀಮರಾಯನವರಿಗೆ ಎರಡೂ ಚೀಟಿ ಮುಂದೆ ಹಿಡಿದು, ಇದೇನ್ರಿ ಇದು, ಒಂದು ಟೇಬಲ್ ಇಬ್ಬರಿಗೆ ಹೆಂಗ ಕೊಟ್ರಿ ಎಂದು ಕೇಳಿದೆ. ಅದಕ್ಕೆ ಅವರು ಏನೂ ಮುಚ್ಚಿಡದೆ, ಅಕ್ಕೋರ, ನಾ ಎಲ್ಲಾ ಟೇಬಲ್ಲಿಗೂ ಇಬ್ಬಿಬ್ಬರ ಹೆಸರು ಬರೀತೀನ್ರಿ, ನಮ್ಮ ಕಡಿ ಮಂದಿ ಹನ್ನೆರಡಕ್ಕ ಅಂದ್ರ ಎರಡಕ್ಕ ಬರ್ತಾರ, ಅರ್ಧ ಮಂದಿ ಬರೂದೇ ಇಲ್ಲ, ಹನ್ನೆರಡಕ್ಕ ಅಂದವರು ಹನ್ನೆರಡಕ್ಕ ಬಂದದ್ದು ಈ ಹೋಟೆಲ್ ಚಾಲೂ ಆದಾಗಿಂದ ನಾ ನೋಡೇ ಇಲ್ರಿ ಎಂದರು. ಹೇಳುವಾಗ ಅವರ ಮುಖದಲ್ಲಿ ನಿಜವಾಗಿಯೂ ಆಶ್ಚರ್ಯ ಇತ್ತು. ಅವರು ಹೇಳಿದ್ದು ಸುಳ್ಳೂ ಅಲ್ಲ. ಗೋಗಿಯಲ್ಲಿ ಹತ್ತು ಗಂಟೆಯ ಮದುವೆಗೆ ಹನ್ನೆರಡಕ್ಕೆ ಹೋಗುವವರಲ್ಲಿ ನಾನೂ ಒಬ್ಬಳು. ಆದರೆ ಆ ಯಜಮಾನರಿಗೆ ರೈಲು ಇತ್ತು, ನನಗೆ ಕೂಸು ಇತ್ತು. ಇಬ್ಬರೂ ಟೈಮಿಗೆ ಬಂದೆವು.

ಬೇರೆ ಟೇಬಲ್ ಕೊಡಿ ಎಂದೆ. ಎಲ್ಲವೂ ತುಂಬಿದ್ದವು. ಯಾವುದೋ ಶಾಲೆಯ ಪ್ರವಾಸದ ಎರಡು ಬಸ್ಸುಗಳು ಬಂದಿದ್ದವು. ಇವರು ಎದ್ದ ಕೂಡಲೇ ನಿಮಗ, ಒಂದು ಗಂಟೆ ಹೊಡೀತದ, ಅಲ್ಲಿತನ ಕೂಸಿನ ನೀರಾಗ ಆಡಸ್ರಿ ಎಂದು ಭೀಮರಾಯ ಹೇಳಿದರು. ನನಗೆ ಮೈ ಉರಿಯಿತು. ನನ್ನದು ಒಟ್ಟು ಇರುವುದೇ ಒಂದೂವರೆ ತಾಸು ಎಂದು ಆತನಿಗೆ ಹೇಗೆ ಹೇಳಲಿ? ಜಗಳ ಮಾಡಿದರೆ ಕರಾರು ಹೋಗುತ್ತದೆ ಎಂಬ ಹೆದರಿಕೆಗೆ ಹಲ್ಲು ಕಚ್ಚಿಕೊಂಡು ನಿಂತೆ.

ಆಗ ಹಜರಾಬೀಯವರು ತಮ್ಮ ಪಕ್ಕದ ಕುರ್ಚಿಯನ್ನು ಸರಿಸಿ, ಬಾರವ್ವಾ, ನಮ್ಮ ಸಂಗಾಟ ಕುಂಡ್ರು, ಕೂಸು ನಮ್ಮ ಹುಡುಗರ ಜೋಡಿ ಉಣ್ಣಲಿ, ಊಟಕ್ಕ ಯಾರಾದ್ರ ಏನು ಎಂದು ಕರೆದರು. ನಾನು ಕೂಡಲಿಲ್ಲ. ಬೇರೆ ಜಾತಿಯವರೆಂದು ಕೂಡಲಿಲ್ಲವೇನು ಎಂದು ಇಲ್ಲಿ ಠಾಣೆಯಲ್ಲಿ ಕೇಳಿದರು. ಅದನ್ನು ಬರೆದುಕೊಳ್ಳಬಾರದು. ನಾನು ದಿನಾ ನೂರಾ ಎಂಬತ್ತು ಮಕ್ಕಳಿಗೆ ಒಂದೇ ಪಾತ್ರೆಯಿಂದ ಬಡಿಸುವವಳು. ಎರಡು ತಿಂಗಳಿಗೊಮ್ಮೆ ಸಿಗುವ ಕೂಸು, ಹನ್ನೊಂದು ಜನರ ನಡುವೆ ಕೂತರೆ ಅವರ ಮಕ್ಕಳನ್ನೇ ನೋಡುತ್ತದೆ, ನನ್ನನ್ನು ನೋಡುವುದಿಲ್ಲ ಎಂದು ಹೊಟ್ಟೆಕಿಚ್ಚಾಯಿತು. ಕೂತಿದ್ದರೆ ಈ ಯಾವುದೂ ಆಗುತ್ತಿರಲಿಲ್ಲ. ಅದು ನನ್ನದೇ ತಪ್ಪು.

12-38ರವರೆಗೆ ಕೂಸನ್ನು ಎತ್ತಿಕೊಂಡು ಕೈತೊಳೆಯುವ ಜಾಗದ ಹತ್ತಿರ ನಿಂತಿದ್ದೆ. ಕೂಸು ಹಸಿವು ಎಂದಿತು. ಎರಡು ಸಲ ಎಂದಿತು. ಅಲ್ಲಿ ಒಂದು ಹಿಂಬಾಗಿಲು ಇದೆ. ಅದರಿಂದ ಹೊರಗೆ ಬಂದು, ಕಚ್ಚಾ ರಸ್ತೆ ದಾಟಿ, ಕಾಲುವೆಯ ಏರಿಯ ಮೇಲೆ ಬೇವಿನ ಗಿಡದ ನೆರಳಿಗೆ ಹೋದೆ. ಹೋಟೆಲಿನಿಂದ 140 ಹೆಜ್ಜೆ. ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ನಾನು ನೀರಿನ ಕಡೆ ಕೂತು ಕೂಸನ್ನು ಗದ್ದೆಯ ಕಡೆ ಕೂಡಿಸಿಕೊಂಡೆ. ಅಳಿಯನಿಗೆ ಹೇಳಿ ಹೋಗಬೇಕಾಗಿತ್ತು. ಹೇಳಿದರೆ ಬೇಡ ಅನ್ನುತ್ತಾನೆ ಎಂದು ಹೇಳಲಿಲ್ಲ.

ಕೂಸು ಹುಗ್ಗಿ ಉಂಡಿತು. ಮೊದಲು ಮೂಸಿ ನೋಡಿತು, ಆಮೇಲೆ ಇನ್ನಷ್ಟು ಕೇಳಿತು. ಬೆಲ್ಲ ಬೆರಳಿಗೆ ಹತ್ತಿದ್ದನ್ನು ನೆಕ್ಕಿತು. ಅದರ ತಾಯಿಯೂ ಹಾಗೆಯೇ ಮೊದಲು ಮೂಸುತ್ತಿದ್ದಳು. ಎಷ್ಟು ಹೊತ್ತು ಎಂದು ಕೇಳಿದರೆ, ಸುಮಾರು 25 ನಿಮಿಷ. ಮಗಳು ಹೋದ ಮೇಲೆ ನನಗೆ ಖುಷಿ ಆದದ್ದು ಆ 25 ನಿಮಿಷ. ಇದು ದೂರಿಗೆ ಬೇಕಾದ ಮಾತಲ್ಲ ಎಂದು ಗೊತ್ತಿದೆ.

1-05ರ ಸುಮಾರಿಗೆ ಅಳಿಯ ಗೇಟಿನಿಂದ ಕಿಟಕಿಯ ಕಡೆ ನೋಡಿದಾಗ ನಾಲ್ಕನೆಯ ಟೇಬಲ್ಲಿನಲ್ಲಿ ಬೇರೆಯವರು ಕೂತಿದ್ದರಂತೆ. ಅಲ್ಲಿಯವರೆಗೆ ಏಕೆ ನೋಡಲಿಲ್ಲ ಎಂಬುದನ್ನು ಆತನನ್ನೇ ಕೇಳಬೇಕು. ಒಳಗೆ ಓಡಿ ಬಂದು ಕೇಳಿದ್ದಕ್ಕೆ, ಆ ಅಕ್ಕೋರು ಎಲ್ಲಿ ಹೋದರೋ ನೋಡಿಲ್ಲ ಎಂದು ಭೀಮರಾಯ ಹೇಳಿದರಂತೆ. ಆತ ಕೂಸಿನ ಹೆಸರು ಕೂಗುತ್ತ ನೀರಾಟದ ಹೊಂಡಗಳನ್ನೆಲ್ಲ ಹುಡುಕಿ, ಹಿಂಬಾಗಿಲಿಗೆ ಬಂದು, 1-12ಕ್ಕೆ ನಮ್ಮನ್ನು ಏರಿಯ ಮೇಲೆ ಕಂಡ.

ಓಡಿ ಬಂದವನೇ ಕೂಸನ್ನು ಕಿತ್ತುಕೊಂಡ. ಡಬ್ಬಿ ಉರುಳಿ ಕಾಲುವೆಗೆ ಬಿತ್ತು. ನೀರ ಹತ್ರ ಕರಕೊಂಡು ಬಂದೀಯಲ್ಲ, ನನ್ನ ಹತ್ರ ಉಳದದ್ದು ಇದೊಂದು, ಇದನ್ನೂ ಒಯ್ಯಾಕ ಬಂದೀಯೇನು, ಗೋಗಿಗೆ ಹಾರಿಸಿಕೊಂಡು ಹೋಗಾಕ ನಿಂತಿದ್ದಿ ಎಂದು ಕೂಗಿದ. ಜನ ಸೇರಿದರು. ಆತ ಪೊಲೀಸರಿಗೆ 100ಕ್ಕೆ ಫೋನ್ ಮಾಡಿದ. ನಂತರ ಅಂಬ್ರಪ್ಪನವರಿಗೂ ಮಾಡಿ ನನ್ನ ಕೈಗೆ ಫೋನ್ ಕೊಟ್ಟ. ಬಾಲಮ್ಮಾ, ಹೊರಗ ಒಯ್ದದ್ದು ಖರೆ ಏನು ಎಂದು ಅವರು ಕೇಳಿದರು. ಖರೆ ಎಂದೆ. ಹಂಗಾದ್ರ ಕರಾರು ಮುಗೀತವ್ವ, ನಾ ಇನ್ನು ಆತಗ ಏನೂ ಹೇಳಾಕ ಬರಂಗಿಲ್ಲ ಎಂದರು.

1-25ಕ್ಕೆ ಖಾಜಾಹುಸೇನರ ಗಾಡಿ ಹೊರಡುವಾಗ ಹಜರಾಬೀಯವರು ಗಾಡಿ ನಿಲ್ಲಿಸಿ ಇಳಿದು ಬಂದರು. ಯಾತ್ರೆಗೆ ಹೋಗುವವರು ಎಲ್ಲರ ಹತ್ತಿರ ಮಾಫಿ ಕೇಳಿ ಹೋಗಬೇಕಂತೆ. ನನ್ನ ಎರಡೂ ಕೈ ಹಿಡಿದುಕೊಂಡು, ನಿನ್ನ ಜಾಗಾ ನಾ ತಗೊಂಡೆನವ್ವಾ, ಮಾಫ್ ಮಾಡು, ನೀ ಮಾಡಲಾರದ ನಾ ಅಲ್ಲಿ ಹೋಗಿ ಏನು ಮಾಡಲಿ ಎಂದರು. ಮಾಡೀನಿ ಹೋಗಿ ಬಾರವ್ವಾ ಎಂದೆ. ಬಾಯಿಯಿಂದ ಅಂದೆ. ಮನಸ್ಸಿನಿಂದ ಅಂದೆನೋ ಇಲ್ಲವೋ ಇನ್ನೂ ತಿಳಿದಿಲ್ಲ. ಆ ಮುದುಕಿಯದು ಏನೂ ತಪ್ಪಿಲ್ಲ ಎಂದು ಮಾತ್ರ ಬರೆದುಕೊಳ್ಳಬೇಕು.

1-40ಕ್ಕೆ ಪೊಲೀಸ್ ವಾಹನ ಬಂದು ನಮ್ಮನ್ನು ಠಾಣೆಗೆ ಕರೆತಂದಿತು. ದಾರಿಯುದ್ದಕ್ಕೂ ಕೂಸು ಅದರಪ್ಪನ ಹೆಗಲ ಮೇಲೆ ಮಲಗಿತ್ತು. ಅದರ ಗಲ್ಲಕ್ಕೆ ಹುಗ್ಗಿ ಅಂಟಿತ್ತು. ಒರೆಸಬೇಕೆನಿಸಿತು, ಕೈ ಚಾಚಲಿಲ್ಲ.

2-50ಕ್ಕೆ ಮಹಿಳಾ ಪೇದೆಯವರು ಕೂಸನ್ನು ಬೆಂಚಿನ ಮೇಲೆ ಕೂಡಿಸಿ, ಬಿಸ್ಕೀಟು ಕೊಟ್ಟು, ಊರಿಗೆ ಹೋಗೂಣು ಬಾ ಅಂತ ಈಕಿ ನಿನಗ ಅಂದಳೇನು ಪುಟ್ಟಿ ಎಂದು ಕೇಳಿದರು. ಇಲ್ಲ, ಹುಗ್ಗಿ ಉಣಿಸಿದಳು ಎಂದು ಕೂಸು ಹೇಳಿತು. ಇದರಿಂದ ಅಪಹರಣದ ಆರೋಪ ಬಿದ್ದುಹೋಗುತ್ತದೆ, ಹೆದರಬೇಡಿ ಎಂದು ಠಾಣೆಯ ಸಾಹೇಬರು ನನಗೆ ಹೇಳಿದರು. ಅಳಿಯ ತಲೆ ತಗ್ಗಿಸಿಕೊಂಡು ಕೂತಿದ್ದ. ಆತನ ಮೇಲೆ ನನಗೆ ಈಗ ಸಿಟ್ಟಿಲ್ಲ. ಏನೂ ಇಲ್ಲ.

ನಂತರ ಪೇದೆಯವರು ನನ್ನ ಕಡೆ ಬೆರಳು ತೋರಿಸಿ, ಈಕಿ ಯಾರು, ನಿನಗ ಏನಾಗಬೇಕು ಎಂದು ಕೇಳಿದರು. ಇಂದಿನದೂ ಸೇರಿ ಐದೂ ಸಲ ನಾನು ಕೂಸಿಗೆ, ನಾ ನಿನ್ನ ಆಯಿ, ನಿಮ್ಮವ್ವನ ಅವ್ವ ಎಂದು ಹೇಳಿದ್ದೇನೆ. ಕೂಸು ಬಿಸ್ಕೀಟು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿತು. ಆಮೇಲೆ, ಈಕಿ ಹೋಟೆಲಿನಾಕಿ, ನಾ ಹೋದಾಗೊಮ್ಮೆ ಊಟಾ ಕೊಡ್ತಾಳ ಎಂದಿತು.

ಹೋಟೆಲಿನವರ ಮೇಲೆ ದೂರು ಕೊಡುತ್ತೀರಾ ಎಂದು ಕೇಳಿದರು. ಕೊಡುವುದಿಲ್ಲ. ಬರೆದುಕೊಂಡದ್ದನ್ನು ಪೂರ್ತಿ ಓದಿ ಹೇಳಿದರು. ಕೂಸು ಕೊನೆಗೆ ಹೇಳಿದ ಮಾತು ದೂರಿಗೆ ಸಂಬಂಧಪಟ್ಟದ್ದಲ್ಲ, ಬೇಕಾದರೆ ಹೊಡೆದು ಹಾಕುತ್ತೇನೆ ಎಂದು ಹೆಡ್ ಕಾನ್‌ಸ್ಟೆಬಲ್ ಸಾಹೇಬರು ಪೆನ್ನು ಹಿಡಿದುಕೊಂಡು ಕೇಳಿದರು. ಬೇಡ, ಇರಲಿ, ಅದು ಅಂದದ್ದು ಅಷ್ಟೇ, ಕೂಸು ಸುಳ್ಳು ಹೇಳಿಲ್ಲ ಎಂದೆ. ನಾನೂ ಮೇಲೆ ಬರೆಸಿದ್ದರಲ್ಲಿ ನಡೆದದ್ದನ್ನೇ ಬರೆಸಿದ್ದೇನೆ, ಒಂದು ಮಾತು ಕೂಡಿಸಿಲ್ಲ, ಒಂದು ಮಾತು ಮುಚ್ಚಿಲ್ಲ ಎಂದು ಒಪ್ಪಿ ನನ್ನ ಕೈಯಾರೆ ಸಹಿ ಹಾಕಿರುತ್ತೇನೆ.

ಸ್ಥಳ: ಶಹಾಪುರ
ದಿನಾಂಕ: 10-02-2019, ಸಂಜೆ 5-30

ಸಹಿ
ಬಾಲಮ್ಮ ಗಂಡ ಅಯ್ಯಪ್ಪ
ಮಗುವಿಗೆ ಏನಾಗಬೇಕು: ತಾಯಿಯ ತಾಯಿ