ಮೇಬಲ್ ಬಿಟ್ಟುಕೊಟ್ಟ ಕೊಂಬು

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ಪ್ರಮಾಣಪತ್ರ ಮಂಡಳಿಯ ಹಿರಿಯ ಪರಿವೀಕ್ಷಕಿ ಶ್ರೀಮತಿ ಲಿಂಡ್‌ಕ್ವಿಸ್ಟ್ ಅವರೇ, ವೇದಿಕೆಯ ಮೇಲಿರುವ ದ್ರಾಕ್ಷಿತೋಟದ ಒಡೆಯ, ನನ್ನ ಅಳಿಯ ಗ್ರಿಫ್ ಅವರೇ, ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತು ಅಪ್ಪ ಇವತ್ತು ಏನು ಎಡವಟ್ಟು ಮಾಡುತ್ತಾನೋ ಎಂದು ಕಾಯುತ್ತಿರುವ ನನ್ನ ಮಗಳು, ಮುಖ್ಯ ಬಾಣಸಿಗರಾದ ಕೆಂಡ್ರಾ ಅವರೇ, ಮೊದಲ ಸಾಲಿನಲ್ಲಿ ಕೂತು ಆಗಲೇ ಗಡಿಯಾರ ನೋಡುತ್ತಿರುವ ನನ್ನ ಹೆಂಡತಿ ನಾರ್ಮಾ, ಮತ್ತು ಏಳು ತಟ್ಟೆ ಊಟ ಮುಗಿಸಿಯೂ ಹಸಿದುಕೊಂಡಿರುವ ಸಭಿಕರೇ,

ನಾನು ಡೆಲ್ಬರ್ಟ್ ಹಾಕಿನ್ಸ್. ಐವತ್ತು ವರ್ಷದಿಂದ ಒರೆಗಾನ್‌ನ ಈ ಕಣಿವೆಯಲ್ಲಿ ದನ ಸಾಕಿಕೊಂಡು ಬಂದವನು. ಭಾಷಣ ಮಾಡಿದವನಲ್ಲ. ದನಗಳ ಮುಂದೆ ಮಾಡಿದ್ದೇನೆ, ಅವು ಮಧ್ಯದಲ್ಲಿ ಎದ್ದುಹೋಗುವುದಿಲ್ಲ.

ಈ ಸಮಾರಂಭ ಕಳೆದ ಗುರುವಾರವೇ ನಡೆಯಬೇಕಿತ್ತು. ಈ ತೋಟದವರ ಪಂಚಾಂಗದಲ್ಲಿ ಗುರುವಾರ ಬೇರಿನ ದಿನವಂತೆ. ಚಂದ್ರ ಯಾವುದೋ ಸಲ್ಲದ ರಾಶಿಯಲ್ಲಿದ್ದನಂತೆ, ಅಂಥ ದಿನ ವೈನ್ ಮುನಿಸಿಕೊಂಡು ಮೂಲೆ ಸೇರುತ್ತದಂತೆ. ಇವತ್ತು ಭಾನುವಾರ, ಹಣ್ಣಿನ ದಿನ, ವೈನ್ ಬಾಯಿಬಿಟ್ಟು ಮಾತಾಡುತ್ತದಂತೆ. ಡೆಲ್ಬರ್ಟ್ ಬಾಯಿಬಿಡಲು ಯಾವ ದಿನ ಒಳ್ಳೆಯದು ಎಂದು ಯಾರಾದರೂ ಪಂಚಾಂಗ ನೋಡಿದಿರಾ? ನೋಡಲಿಲ್ಲ. ಮುಂದೆ ಆಗುವುದಕ್ಕೆ ನಾನು ಹೊಣೆಯಲ್ಲ.

ಮೊದಲು ಊಟದ ವಿಷಯ. ಗಾಡಿಯ ಚಕ್ರದಷ್ಟು ದೊಡ್ಡ ತಟ್ಟೆ, ಅದರ ನಡುವೆ ಅಂಚೆಚೀಟಿಯಷ್ಟು ಆಹಾರ. ಮೂರನೇ ತಟ್ಟೆಯಲ್ಲಿ ಒಣಹುಲ್ಲಿನಲ್ಲಿ ಸುಟ್ಟ ಒಂದು ಕ್ಯಾರೆಟ್ ಬಂತು. ಒಂದೇ ಒಂದು. ಆ ಹುಲ್ಲು ನನ್ನದೇ, ವಾಸನೆಯಲ್ಲೇ ಗುರುತು ಸಿಕ್ಕಿತು. ನನ್ನ ದನ ಅದನ್ನು ಹೊರೆಗಟ್ಟಲೆ ತಿನ್ನುತ್ತವೆ, ಒಂದು ದಿನವೂ ಕಣ್ಣುಮುಚ್ಚಿ 'ಆಹಾ' ಅಂದಿಲ್ಲ. ನೀವು ಅಂದಿರಿ. ನಿಜ ಹೇಳುತ್ತೇನೆ, ನಾನೂ ಅಂದೆ. ಆ ಕ್ಯಾರೆಟ್ ತಿಂದಾಗ ನನ್ನ ಅಮ್ಮನ ಹಿತ್ತಿಲು ನೆನಪಾಯಿತು. ಕೆಂಡ್ರಾಳ ಕೈಯಲ್ಲಿ ಅಂಥದ್ದೇನೋ ಇದೆ.

ಒಂದು ಮಾತು ಗಮನಿಸಿದಿರಾ? ಹತ್ತು ವರ್ಷ, ವರ್ಷಕ್ಕೆ ನಾಲ್ಕು ಋತುವಿನ ಊಟ. ದನದ ಮಾಂಸ ಒಮ್ಮೆಯೂ ಬಂದಿಲ್ಲ. ದನ ಸಾಕುವವನ ಮಗಳ ಊಟದಲ್ಲಿ! ಊರಿನವರು ಕಾರಣ ಕೇಳುತ್ತಾರೆ. ನಾನು 'ಅವಳ ಇಷ್ಟ' ಎಂದು ಮಾತು ಹಾರಿಸುತ್ತೇನೆ.

ಇರಲಿ. ನನ್ನನ್ನು ಕರೆದದ್ದು ನನ್ನ ಹಸು ಮೇಬಲ್‌ಳ ಕಥೆ ಹೇಳಲು. ಐದನೇ ತಟ್ಟೆಯ ಜೊತೆ ಕುಡಿದಿರಲ್ಲ ಕೆಂಪು ವೈನು, 'ಮೇಬಲ್‌ಳ ಕೊಂಬು', ಅದರ ಕಥೆ. ಇನ್ನು ಸ್ವಲ್ಪ ಹೊತ್ತಿಗೆ ಶ್ರೀಮತಿ ಲಿಂಡ್‌ಕ್ವಿಸ್ಟ್ ಅವರು ಕೊಡಲಿರುವ ಹತ್ತನೇ ವರ್ಷದ ಫಲಕದಲ್ಲೂ ಕೊಂಬಿನ ಸಮೇತ ಮೇಬಲ್‌ಳ ಚಿತ್ರವಿದೆ. ಅದನ್ನು ನೋಡಿದಾಗಿನಿಂದ ನಾನು ಆ ಕಡೆ ತಿರುಗದೆ ಮಾತಾಡುತ್ತಿದ್ದೇನೆ.

ಬಯೋಡೈನಾಮಿಕ್ ತೋಟದ ಪದ್ಧತಿ ನಿಮಗೆಲ್ಲ ಗೊತ್ತು. ಶರತ್ಕಾಲದಲ್ಲಿ ಹಸುವಿನ ಕೊಂಬಿಗೆ ಸಗಣಿ ತುಂಬಿ ಹೂಳಬೇಕು, ವಸಂತದಲ್ಲಿ ಅಗೆದು ತೆಗೆಯಬೇಕು, ಚಿಟಿಕೆಯಷ್ಟನ್ನು ನೀರಿಗೆ ಹಾಕಿ ಒಂದು ಗಂಟೆ ಬಲಕ್ಕೂ ಎಡಕ್ಕೂ ತಿರುವಿ ಬಳ್ಳಿಗಳಿಗೆ ಚಿಮುಕಿಸಬೇಕು. ನಾನು ಜೀವಮಾನವಿಡೀ ಬೂಟಿನಿಂದ ಕೆರೆದು ಬಿಸಾಡಿದ್ದನ್ನು ಇವರು ಪೂಜೆ ಮಾಡಿ ಎತ್ತಿಡುತ್ತಾರೆ. ಹತ್ತು ವರ್ಷದ ಹಿಂದೆ ಗ್ರಿಫ್ ಹೊಸ ಬೂಟು ಹಾಕಿಕೊಂಡು ನನ್ನ ಕೊಟ್ಟಿಗೆಗೆ ಬಂದ. "ಮಾವ, ಒಂದು ಕೊಂಬು ಬೇಕಿತ್ತು. ಹನ್ನೊಂದು ಪೋಸ್ಟಲ್ಲಿ ಬಂದಿವೆ. ಮೊದಲ್ನೇದು ಮಾತ್ರ ಇದೇ ಮಣ್ಣಿಂದ ಆಗ್ಬೇಕು. ಹಸೂದೇ ಆಗ್ಬೇಕು, ಒಂದಾದ್ರೂ ಕರು ಹಾಕಿರ್ಬೇಕು. ಹೋರಿದು, ಎತ್ತಿಂದು ನಡೆಯಲ್ಲ. ಕೆಂಡ್ರಾನೇ ಕಳ್ಸಿದ್ಲು."

ಕೊನೆಯ ಮಾತು ಕೇಳಿದಿರಾ? ಕೆಂಡ್ರಾನೇ ಕಳಿಸಿದಳು. ಈ ಕಣಿವೆಗೆ ವಾಪಸು ಬಂದ ಮೇಲೂ ನನ್ನ ಕೊಟ್ಟಿಗೆಯ ಹೊಸಿಲು ತುಳಿಯದ ಮಗಳು, ಹದಿನಾರು ವರ್ಷಗಳ ನಂತರ ಅಪ್ಪನ ಹತ್ತಿರ ಕೇಳಿದ ಮೊದಲ ವಸ್ತು. ಇಲ್ಲ ಎನ್ನಲು ನನ್ನಿಂದ ಆಗುತ್ತಿತ್ತೇ? ಆದರೆ ನನ್ನ ಹಸುಗಳಿಗೆ ಕೊಂಬೆಲ್ಲಿ? ಕರುವಿದ್ದಾಗಲೇ ಎಲ್ಲದರ ಕೊಂಬಿನ ಮೊಳಕೆ ಸುಟ್ಟುಬಿಡುತ್ತೇವೆ. ಮೇಬಲ್‌ಳ ತಲೆ ನನ್ನ ತಲೆಯಷ್ಟೇ ನುಣುಪು.

ಆಹ್. ಇದನ್ನು ಹೇಳಬಾರದಿತ್ತು. ನಾರ್ಮಾ, ಹಾಗೆ ಕೆಮ್ಮಿ ಪ್ರಯೋಜನವಿಲ್ಲ, ಬಾಯಿಂದ ಬಿದ್ದಾಗಿದೆ.

ಹೌದು ಶ್ರೀಮತಿ ಲಿಂಡ್‌ಕ್ವಿಸ್ಟ್, ಮೇಬಲ್‌ಗೆ ಕೊಂಬಿರಲಿಲ್ಲ. ಉಪಕರಣದ ಕೋಣೆಯಲ್ಲಿ ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ಜೊತೆ ಕೊಂಬಿತ್ತು. ಒಂದನ್ನು ತಂದು ಗ್ರಿಫ್‌ನ ಕೈಗಿಟ್ಟೆ. "ಮೇಬಲ್‌ದು," ಅಂದೆ. ಅವನು ಕಿಟಕಿಯಿಂದ ನೋಡಿದ. ಮೇಬಲ್ ಬೋಳುತಲೆ ಆಡಿಸುತ್ತ ಮೇಯುತ್ತಿದ್ದಳು. ಸಿಕ್ಕಿಬಿದ್ದೆ ಅಂದುಕೊಂಡೆ. ನನ್ನ ಅಳಿಯ ಪೋರ್ಟ್‌ಲ್ಯಾಂಡ್ ನಗರದವನು, ದೇವರು ಅವನನ್ನು ಚೆನ್ನಾಗಿಟ್ಟಿರಲಿ, ಕೇಳಿದ: "ಓ, ತಾನಾಗೇ ಉದುರಿತಾ?" ಕಾಡಿನಲ್ಲಿ ಜಿಂಕೆಯ ಕೊಂಬು ಉದುರುತ್ತದೆಯಲ್ಲ, ಹಾಗೆ! "ಹೂಂ, ತಾನಾಗೇ," ಅಂದೆ.

ಹಸುವಿನ ಕೊಂಬು ಉದುರುವುದಿಲ್ಲ ಸ್ವಾಮಿ. ಆದರೆ ಗ್ರಿಫ್ ಅದನ್ನು ಅರ್ಜಿಯಲ್ಲಿ ಬರೆದ. ಮಂಡಳಿಯವರು ಕಡತದಲ್ಲಿ 'ಪ್ರಾಣಿಯು ಸ್ವಇಚ್ಛೆಯಿಂದ ಬಿಟ್ಟುಕೊಟ್ಟ ಕೊಂಬು' ಎಂದು ದಾಖಲಿಸಿ ವಿಶೇಷ ಶ್ಲಾಘನೆ ಬೇರೆ ಕೊಟ್ಟರು. ತಾವೇ ಬಂದಿದ್ದಿರಿ ಮೇಡಂ, ನೆನಪಿದೆಯೇ? ಮೇಬಲ್‌ಳ ತಲೆ ಸವರಿ, "ಕೊಂಬು ಹೋದ್ರೂ ಅದರ ಶಕ್ತಿ ಇಲ್ಲೇ ಇದೆ ರೀ, ನನ್ನ ಕೈಗೆ ತಿಳೀತಿದೆ," ಅಂದಿರಿ. ನಾನು ಟೋಪಿ ತೆಗೆದು ತಲೆ ಬಗ್ಗಿಸಿ ನಿಂತಿದ್ದೆ. ಭಕ್ತಿಯಿಂದಲ್ಲ, ನಗು ತಡೆಯಲಾಗದೆ. ಆಮೇಲೆ ಬಾಟಲಿಯ ಲೇಬಲ್ಲಿಗೆ ಚಿತ್ರ ಬರೆಯುವವರು ಮೇಬಲ್‌ಗೆ ಎರಡು ಕೊಂಬು ಕೊಟ್ಟರು. ಪಾಪ, ಆ ಚಿತ್ರವನ್ನು ತೋರಿಸಿದಾಗ ಅವಳು ಅದನ್ನು ತಿಂದುಬಿಟ್ಟಳು.

ನಗಿ, ನಗಿ. ಈಗ ನಗು ಬಾರದ ಭಾಗ.

ಆ ಕೊಂಬು ಯಾರದು? ಬಿಸ್ಕಿಟ್‌ನದು. ಬಿಸ್ಕಿಟ್ ಕೆಂಡ್ರಾಳ ಎತ್ತು. ಇಲ್ಲಿಯ ಮಕ್ಕಳು ಒಂದೊಂದು ಕರು ಸಾಕಿ ಕೌಂಟಿಯ ದನಗಳ ಪ್ರದರ್ಶನಕ್ಕೆ ಒಯ್ಯುವುದು, ಕೊನೆಯ ದಿನ ಹರಾಜು, ಹೊರಗೆ ಕಾಯುವ ಕಸಾಯಿಖಾನೆಯ ಲಾರಿ, ಇದೆಲ್ಲ ನೀವೂ ಚಿಕ್ಕಂದಿನಲ್ಲಿ ಕಂಡದ್ದೇ. ಕೆಂಡ್ರಾಳಿಗೆ ಆಗ ಹದಿಮೂರು. ಕೊಂಬು ಸುಡಲು ಹೋದಾಗ ಕರುವಿನ ಕುತ್ತಿಗೆ ತಬ್ಬಿಕೊಂಡು ಕೂತಳು. "ಬೇಡ ಅಪ್ಪಾ, ಅವನಿಗೆ ನೋವಾಗತ್ತೆ." ಬಿಟ್ಟೆ. ನನ್ನ ಐವತ್ತು ವರ್ಷದಲ್ಲಿ ಕೊಂಬು ಬೆಳೆಸಿಕೊಂಡ ದನ ಅದೊಂದೇ. ಅವಳು ಅದರ ಕೊಂಬಿನ ತುದಿಗೆಲ್ಲ ಕೆಂಪು ಉಗುರುಬಣ್ಣ ಹಚ್ಚುತ್ತಿದ್ದಳು.

ನಾನು ಮಾತು ಕೊಟ್ಟಿದ್ದೆ. "ಮೊದಲ್ನೇ ಬಹುಮಾನ, ನೀಲಿ ರಿಬ್ಬನ್ ಗೆದ್ರೆ ವಾಪಸ್ ಮನೆಗೆ ಕರ್ಕೊಂಡು ಬರೋಣ ಕಣೇ," ಎಂದು. ಗೆಲ್ಲುವುದಿಲ್ಲ ಎಂಬ ಧೈರ್ಯದಲ್ಲಿ ಕೊಟ್ಟ ಮಾತು. ಅವಳು ಗೆದ್ದಳು. ನಾನು ಬೆಳಿಗ್ಗೆಯೇ ಹರಾಜಿನ ಕಾಗದಕ್ಕೆ ಸಹಿ ಹಾಕಿದ್ದೆ. ರಿಬ್ಬನ್ ಹಿಡಿದು ಓಡಿಬಂದಾಗ ಲಾರಿಯ ಬಾಗಿಲು ಮುಚ್ಚುತ್ತಿದ್ದರು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ರಿಬ್ಬನ್ನನ್ನು ನನ್ನ ಅಂಗಿಯ ಜೇಬಿಗೆ ತುರುಕಿ, "ನೀನೇ ಇಟ್ಕೋ," ಅಂದಳು. ಅಷ್ಟೇ. ಇಪ್ಪತ್ತಾರು ವರ್ಷವಾಯಿತು, ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬಂದಿಲ್ಲ. ಎರಡು ದಿನ ಬಿಟ್ಟು ನಾನು ಕಸಾಯಿಖಾನೆಗೆ ಹೋಗಿ ಕೊಂಬು ಕೇಳಿ ತಂದೆ. ಯಾಕೆ ತಂದೆ? ಗೊತ್ತಿಲ್ಲ. ಕೊಡಲು ಧೈರ್ಯ ಬರಲಿಲ್ಲ, ಬಿಸಾಡಲೂ ಬರಲಿಲ್ಲ.

ಅದನ್ನೇ ಹತ್ತು ವರ್ಷದ ಹಿಂದೆ ಉಜ್ಜಿ, ಬಣ್ಣ ಕೆರೆದು, ಹಸುವಿನದೆಂದು ಸುಳ್ಳು ಹೇಳಿ ಅವಳ ಮನೆಗೇ ಕಳಿಸಿದೆ. ಅಪ್ಪ ಎನಿಸಿಕೊಂಡವನು ಮಾಡುವ ಕೆಲಸವೇ ಇದು? ಅವಳಿಗೆ ಗೊತ್ತಾದರೆ ಇರುವ ಮಾತೂ ನಿಂತುಹೋಗುತ್ತದೆ ಎಂದು ಹೆದರಿಕೊಂಡೇ ಹತ್ತು ವರ್ಷ ಕಳೆದೆ. ಕಳೆದ ವಸಂತದಲ್ಲಿ ಕೊಂಬು ಅಗೆಯುವ ದಿನ ನಾನೂ ಗುದ್ದಲಿ ಹಿಡಿದು ಹೋಗಿದ್ದೆ. ಎಲ್ಲರೂ ಆ ಮೊದಲನೇ ಕೊಂಬಿಗೆ 'ಅವಳು' ಅನ್ನುತ್ತಾರೆ. ಅವಳನ್ನು ಮೇಲೆತ್ತಿ, ಅವಳನ್ನು ತೊಳೆಯಿರಿ, ಹೀಗೆ. ನಾನು ಗುದ್ದಲಿ ಎತ್ತಿದೆ. ಕೆಂಡ್ರಾ ಮಣ್ಣಿನಲ್ಲಿ ಮಂಡಿಯೂರಿದಳು. "ಗುದ್ದಲಿ ಬೇಡ ಅಪ್ಪಾ, ಕೈಯಲ್ಲೇ ತೆಗೀತೀನಿ. ಅವನಿಗೆ ನೋ..."

ಅವನಿಗೆ.

ಸಭಿಕರೇ, ಒಂದು ನಿಮಿಷ.

ಬಾಯಿತಪ್ಪಿ ಅಂದಳು ಎಂದುಕೊಂಡಿದ್ದೆ. ಈ ಕ್ಷಣದವರೆಗೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಇವಳು ಕೊಟ್ಟಿಗೆಯಲ್ಲಿ ಬೆಳೆದವಳು! ಹಸುವಿನ ಕೊಂಬು ಉದುರುವುದಿಲ್ಲವೆಂದು ಗ್ರಿಫ್‌ಗೆ ಗೊತ್ತಿಲ್ಲದಿರಬಹುದು, ಮೇಡಂಗೆ ಗೊತ್ತಿಲ್ಲದಿರಬಹುದು, ಇವಳಿಗೆ ಗೊತ್ತಿಲ್ಲವೇ? ಮೇಬಲ್‌ಳ ತಲೆ ಇವಳು ಕಾಣದ್ದೇ? ನನ್ನ ಹಿಂಡಿನಲ್ಲಿ ಕೊಂಬಿದ್ದದ್ದು ಯಾರಿಗೆ ಎಂದು ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆಂಡ್ರಾ, ನಿನಗೆ ಮೊದಲ ದಿನದಿಂದಲೂ ಗೊತ್ತಿತ್ತು. ವರ್ಷ ವರ್ಷವೂ ಅವನನ್ನು ನೀನೇ ಮಣ್ಣಿಗಿಟ್ಟು, ನೀನೇ ಎತ್ತಿಕೊಂಡೆ. ನಾನು ಮೂರ್ಖನ ಹಾಗೆ ಬೇಲಿಯ ಪಕ್ಕ ನಿಂತಿದ್ದೆ.

ತಪ್ಪು ನನ್ನದು ಮಗಳೇ. ಸಹಿ ಹಾಕಿದ್ದು ನಾನು. ಮಾತು ಮುರಿದದ್ದು ನಾನು. ಇಪ್ಪತ್ತಾರು ವರ್ಷ ತಡವಾಗಿ, ಮೈಕಿನಲ್ಲಿ, ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ. ಒಬ್ಬನೇ ಬಂದು ಹೇಳುವ ಧೈರ್ಯ ನನಗಿರಲಿಲ್ಲ.

ಮಾನ್ಯ ಅಧ್ಯಕ್ಷರೇ, ಆ ಫಲಕವನ್ನು ತಾವು ವಾಪಸು ಒಯ್ಯಬಹುದು, ಕಡತದಲ್ಲಿ ಕೆಂಪು ಗೀಟು ಎಳೆಯಬಹುದು. ಗ್ರಿಫ್‌ಗೆ ಏನೂ ಗೊತ್ತಿರಲಿಲ್ಲ, ಅವನ ಮುಖ ನೋಡಿದರೆ ಈಗಲೂ ಗೊತ್ತಾದಂತಿಲ್ಲ. ಒಂದೇ ವಿನಂತಿ. ಹತ್ತು ವರ್ಷ ಒಂದು ಎತ್ತಿನ ಕೊಂಬು ಆ ಬಳ್ಳಿಗಳನ್ನು ಸಾಕಿತು. ನೀವೆಲ್ಲ ಐದನೇ ತಟ್ಟೆಯಲ್ಲಿ ಗ್ಲಾಸು ಎತ್ತಿ ಆಹಾ ಅಂದಿರಿ. ಆ ಆಹಾ ವಾಪಸು ತೆಗೆದುಕೊಳ್ಳಬೇಡಿ.

ಈ ಮೇಜಿನ ಕೆಳಗೆ ಒಂದು ಗೋಣಿಚೀಲವಿದೆ. ಸಭೆ ಮುಗಿದ ಮೇಲೆ ಗುಟ್ಟಾಗಿ ಕೊಡೋಣ ಎಂದು ತಂದಿದ್ದೆ. ಇಗೋ, ಜೊತೆಯ ಇನ್ನೊಂದು ಕೊಂಬು. ಇದರ ತುದಿಯ ಕೆಂಪು ಬಣ್ಣವನ್ನು ನಾನು ಕೆರೆದಿಲ್ಲ. ಒಳಗೆ ನೀಲಿ ರಿಬ್ಬನ್ನೂ ಇದೆ. 'ನೀನೇ ಇಟ್ಕೋ' ಅಂದಿದ್ದೆಯಲ್ಲ, ಇಟ್ಟುಕೊಂಡಿದ್ದೇನೆ. ಮುಂದಿನ ವಾರ ಕೊಂಬು ಹೂಳುವ ದಿನ. ನೀನು ಒಪ್ಪಿದರೆ ಇದನ್ನು ಅವನ ಪಕ್ಕದಲ್ಲಿಡೋಣ. ಗುದ್ದಲಿ ತರುವುದಿಲ್ಲ, ನಾನೂ ಕೈಯಲ್ಲೇ ತೋಡುತ್ತೇನೆ.

ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲ ವಂದನೆಗಳು. ಐದು ನಿಮಿಷ ಅಂದಿದ್ದ ನಾರ್ಮಾಳಿಗೆ ಕ್ಷಮಾಪಣೆ. ಇನ್ನೂ ಎರಡು ಮಾತು ಇತ್ತು, ಆದರೆ ಕೆಂಡ್ರಾ ಏಪ್ರನ್ ಬಿಚ್ಚಿ ಈ ಕಡೆಗೇ ನಡೆದು ಬರುತ್ತಿದ್ದಾಳೆ. ಬೈಯಲು ಬರುತ್ತಿದ್ದಾಳೋ ಏನೋ, ಬರುತ್ತಿದ್ದಾಳಲ್ಲ, ಅಷ್ಟು ಸಾಕು. ದಾರಿ ಬಿಡಿ. ನಮಸ್ಕಾರ.