ಹುಳು ಜ್ವರಕ್ಕೆ ಕೂತಾಗ

ಅದಕ್ಕೇ ಹೇಳಿದ್ದು, ಮೊದ್ಲು ಮಜ್ಜಿಗೆ ಕುಡಿ ಅಂತ. ಮೈಸೂರಿಂದ ಈ ಬಿಸಿಲಲ್ಲಿ ಬೈರಾಪಟ್ಟಣಕ್ಕೆ ಬಂದಿದ್ದೀಯ, ಹಿನಾ. ನಿನ್ನ ಪೇಪರು ಎಲ್ಲೂ ಓಡೋಗಲ್ಲ. ನನ್ನ ಮಗಳು ನವ್ಯನೂ ಎಲ್ಲೂ ಓಡೋಗಲ್ಲ. ಅಗೋ, ಎದುರಿಗೆ ರೇಷ್ಮೆ ಹುಳದ ಮನೆ ಐತಲ್ಲ, ಅದ್ರೊಳಗೆ ಅವ್ಳೆ. ಹುಳು ಮೂರನೇ ಜ್ವರಕ್ಕೆ ಕೂತವೆ. ಜ್ವರ ಅಂದ್ರೇನು ಅಂತ ನಿಂಗೆ ಹೇಳ್ಬೇಕಾ, ರಾಮನಗರದ ಪೀರ್ ಸಾಬರ ಮಗಳು, ಗೂಡಿಂದ ರೇಷ್ಮೆ ಬಿಚ್ಚೋರ ಮನೇಲಿ ಹುಟ್ಟಿದೋಳು. ಪೊರೆ ಬಿಡೋ ಹೊತ್ತು. ಸೊಪ್ಪು ಮುಟ್ಟಲ್ಲ, ತಲೆ ಎತ್ಕೊಂಡು ಕಲ್ಲಾಗಿ ಕೂತಿರ್ತವೆ. ಅಂಥಾ ಹೊತ್ತಲ್ಲಿ ಹೊರಗಿನೋರು ಒಳಕ್ಕೆ ಹೋಗಬಾರದು. ಅದಕ್ಕೇ ನೋಡು, ಒಳಗೆ ಒಂಚೂರೂ ಸದ್ದಿಲ್ಲ.

ಏನ್ ನೋಡ್ತಿದ್ದೀಯ? ಬೀಗವಾ?

ಬೀಗ ನಾನೇ ಹಾಕಿದ್ದು. ಬಾಗ್ಲು ನಿಲ್ಲಲ್ಲ, ಗಾಳಿಗೆ ತೆರ್ಕೊಂಬುಡ್ತದೆ. ಹೊರಗಿಂದ ಹಾಕ್ಕೊಂಡು ಹೋಗವ್ವ ಅಂತ ಅವಳೇ ಹೇಳ್ತಾಳೆ. ಕೆಲ್ಸಕ್ಕೆ ಕೂತ್ರೆ ಊಟಕ್ಕೂ ಎದ್ದು ಬರೋಳಲ್ಲ.

ಕುಡಿ, ಕುಡಿ. ಉಪ್ಪು ಜಾಸ್ತಿ ಆಯ್ತಾ?

ಎರಡು ವರ್ಷದಿಂದ ನೀವಿಬ್ರೂ ಇಮೇಲಲ್ಲೇ ಮಾತಾಡ್ಕೊಂಡು ಒಂದು ಪೇಪರು ಬರೆದ್ಬುಟ್ರಿ ನೋಡು. ನಾನೂ ಓದಿದೀನಿ. ನಗಬ್ಯಾಡ. ಸ್ಕೂಲಿನ ಮೆಟ್ಲು ಹತ್ತಿದೋಳಲ್ಲ ನಾನು, ಓದೋದು ಮಾತ್ರ ಯಾರೂ ಹೇಳ್ಕೊಡದೆ ಕಲ್ತೆ. ಹುಳದ ತಟ್ಟೆಗೆ ಹಾಸೋಕೆ ಹಳೇ ಪತ್ರಿಕೆ ತರ್ತಿದ್ದೆ. ಹುಳು ಸೊಪ್ಪು ತಿಂತಾ ಬಂದಂಗೆ ಕೆಳಗಿನ ಸುದ್ದಿ ಕಾಣ್ತಿತ್ತು. ಅವು ಎಷ್ಟು ತಿಂದ್ವೋ ಅಷ್ಟು ನಾನು ಓದ್ದೆ. ಆಮೇಲೆ ಡಿಕ್ಷನರಿ ಇಟ್ಕೊಂಡು ಇವಳ ಇಂಗ್ಲಿಷು. ಒಂದು ಪುಟಕ್ಕೆ ಒಂದು ಬೆಳೆ ಹುಳು ಗೂಡು ಕಟ್ತಿದ್ವು, ಅಷ್ಟು ನಿಧಾನ. ಆದ್ರೂ ಬುಡಲಿಲ್ಲ.

ಅವಳ ಹಾಲುತೊಂಡೆ ರೋಗದ ಪೇಪರು ಗೊತ್ತಲ್ಲ ನಿಂಗೆ. ಬಿಳಿ ಗೂಡಿನ ಹುಳು ಮೈಯೆಲ್ಲ ಹಾಲಾಗಿ ಸಾಯ್ತವೆ, ಅದೇ ತಟ್ಟೇಲಿ ನಮ್ಮ ಹಳೇ ಮೈಸೂರು ತಳಿ ಬದುಕ್ತದೆ. ಯಾಕೆ ಅಂತ ಜೀನ್ ಒಳಗೆ ಹೊಕ್ಕು ಹುಡುಕಿದ್ದು. ಹುಳು ಇಲ್ಲಿಂದ, ಲ್ಯಾಬು ಹೈದರಾಬಾದಲ್ಲಿ. ಅಚ್ಚಾದ ವರ್ಷ ಅದನ್ನ ಮೂರೇ ಜನ ತಮ್ಮ ಪೇಪರಲ್ಲಿ ಹೆಸರು ಹೇಳಿ ಸೈಟ್ ಮಾಡಿದ್ದು. ಅದ್ರಲ್ಲಿ ಒಬ್ಳು ಅವಳೇ. ಈಗ ನೂರ ನಲವತ್ತು ದಾಟೈತೆ. ಜಪಾನಿನೋರು, ಚೀನಾದೋರು, ಹೆಸರು ಓದೋಕೂ ಬರದಿರೋ ಊರಿನೋರು. ಹೊಸಬ್ರು ಯಾರಾದ್ರೂ ಸೈಟ್ ಮಾಡಿದ್ರೆ ಫೋನು ಟಿಣ್ ಅಂತದೆ. ಒಲೆ ಮೇಲೆ ಮುದ್ದೆ ಇದ್ರೂ ಬುಟ್ಟು ಓಡ್ತೀನಿ.

ಅವಳ ಫೋನೇ. ನನ್ನತ್ರ ಇರ್ತದೆ. ಹುಳದ ಮನೆಗೆ ಅವಳು ಫೋನು ಒಯ್ಯಲ್ಲ.

ಸೈಟೇಶನ್ ಅಂದ್ರೇನು ಅಂತ ಒಂದ್ಸಲ ನಿಮ್ಮಪ್ಪೋರು ಕೇಳಿದ್ರು, ರಾಮನಗರದ ಗೂಡಿನ ಮಾರ್ಕೆಟ್ಟಲ್ಲಿ. ಸಾಬರೆ, ನನ್ನ ಗೂಡು ಕೈಗೆತ್ಕೊಂಡು ಅಲ್ಲಾಡಿಸಿ ನೋಡಿ, ಪಕ್ಕದೋರಿಗೂ ಇದು ಅಂಕಮ್ಮನ ಗೂಡು ಅಂತೀರಲ್ಲ, ಅದೇ ಸೈಟೇಶನ್ನು ಅಂದೆ. ಹಂಗಾದ್ರೆ ನಿಮ್ಮದು ನಿಮ್ಮ ಮಗಳಿಗಿಂತ ಜಾಸ್ತಿ ಐತೆ ಬುಡಿ ಅಂತ ನಕ್ಕಿದ್ರು.

ಪೇಪರಲ್ಲಿ ಅವಳ ಹೆಸರು ನವ್ಯಶ್ರೀ ಎ. ಅಂತ ಬರ್ತದಲ್ಲ, ಆ ಎ ನಾನು. ಬುಟ್ಟೋದ ಅಪ್ಪನ ಅಕ್ಷರ ನಂಗ್ಯಾಕವ್ವ, ನಿಂದೇ ಇರ್ಲಿ ಅಂದ್ಳು. ಎಲ್ಲೆಲ್ಲಿ ಅವಳ ಹೆಸರು ಹೇಳ್ತಾರೋ ಅಲ್ಲೆಲ್ಲ ಹಿಂದೆ ನಾನೂ ನಿಂತಿರ್ತೀನಿ.

ನಿನ್ನ ಈ ಪೇಪರಲ್ಲಿ ಅವಳದು ಎರಡನೇ ಹೆಸರು. ಅದು ಇರಬೇಕು, ಹಿನಾ. ನಂಗೆ ಬೇಕಾಗಿರೋದು ಅಷ್ಟೇ. ಇರಬೇಕು, ಮತ್ತೆ ಹೆಸರಿನ ತಲೆ ಮೇಲೆ ಏನೂ ಇರಬಾರದು.

ಏನಂದ್ರೆ... ಹುಳದ ವಿಷಯದ್ದೇ ಒಂದು ಪೇಪರಲ್ಲಿ ಕೊರಿಯಾದ ಮೇಷ್ಟ್ರೊಬ್ರ ಹೆಸರಿನ ಮೇಲೆ ಸಣ್ಣ ಕತ್ತಿ ಥರ ಒಂದು ಗುರುತು ಹಾಕಿದ್ರು, ನೋಡಿದ್ದೀಯಾ? ಪುಟದ ಕೆಳಗೆ ಇರುವೆಯಂಥ ಅಕ್ಷರದಲ್ಲಿ, ಇವರು ಈಗಿಲ್ಲ ಅಂತ. ಅದಾದ ಮೇಲೆ ಅವರ ಹೆಸರಲ್ಲಿ ಒಂದು ಪೇಪರೂ ಬರಲಿಲ್ಲ. ಗುರುತು ಬಿದ್ರೆ ಮುಗೀತು, ಪಟ್ಟಿ ಅಲ್ಲಿಗೆ ನಿಲ್ತದೆ. ಸುಮ್ನೆ ಹೇಳ್ದೆ. ನಮ್ಮ ವಿಷಯ ಅಲ್ಲ ಅದು.

ನಿಮ್ಮ ಗೈಡು ಏನಂದ್ರಂತೆ? ನವ್ಯಶ್ರೀ ಎದುರಿಗೆ ಕೂತು, ಒಂದೊಂದು ಚಿತ್ರಾನೂ ತೋರಿಸಿ ಒಪ್ಪಿಗೆ ತಗೊಂಡು ಸೈನ್ ಹಾಕಿಸ್ಕೊಂಡು ಬಾ ಅಂತ ತಾನೇ? ಕೊಡು ಇಲ್ಲಿ. ಒಳಗೆ ಹೋಗಿ ಹಾಕಿಸ್ಕೊಂಡು ಬತ್ತೀನಿ.

ಕೊಡು ಅಂದೆನಲ್ಲ. ಯಾಕೆ ಹಂಗೆ ಎದೆಗೆ ಒತ್ಕೊಂಡಿದ್ದೀಯ?

ಸರಿ, ಬ್ಯಾಡ. ಇಲ್ಲಿಟ್ಟು ಹೋಗು. ಸಂಜೆ ಬಸ್ಸಿಗೆ ಬತ್ತಾಳೆ, ಆಗ ಅವಳೇ ಹಾಕ್ತಾಳೆ...

ಬಸ್ಸು ಅಂದ್ನಾ? ಹೂಂ. ಬೆಳಿಗ್ಗೆ ಸಾವನದುರ್ಗದ ಕಡೆ ಹೋದ್ಳು, ಅಲ್ಲೆಲ್ಲೋ ಹಳೇ ಹಿಪ್ಪುನೇರಳೆ ಮರ ಐತಂತೆ. ಹುಳದ ಮನೇಲಿ ಅಂದಿದ್ದು... ಹುಳದ ಮನೇಲೂ ಇರ್ತಾಳೆ. ಅಡಿಗೆ ಮನೆ ಹೊಸ್ತಿಲ ಮೇಲೂ ಇರ್ತಾಳೆ, ಪುಸ್ತಕ ಹಿಡ್ಕೊಂಡು. ಎಲ್ಲಾ ಕಡೆ ಇರ್ತಾಳೆ ಅವಳು. ನಿಂಗೆ ಅರ್ಥ ಆಗಲ್ಲ.

ಖಾಲಿ ಲೋಟ ಇತ್ಲಾಗೆ ಕೊಡು, ಹಿನಾ.

ನೀನು ಬಂದು ಇಷ್ಟೊತ್ತಾಯ್ತು. ನವ್ಯಕ್ಕ ಯಾವಾಗ ಬತ್ತಾರೆ ಅಂತ ಒಂದ್ಸಲನೂ ಕೇಳ್ಲಿಲ್ಲ. ದಾರಿ ತಪ್ಪಿ ಬಂದೋರೂ ಅದನ್ನ ಕೇಳ್ತಾರೆ. ಕೊರಿಯರಿನೋನೂ ಕೇಳ್ತಾನೆ. ನೀನು ಮಜ್ಜಿಗೆ ಕುಡಿದೆ, ಬೀಗ ನೋಡಿದೆ, ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸಿದೆ. ಹಂಗಾದ್ರೆ ನೀನು ಯಾರನ್ನ ಕಾಯ್ತಾ ಕೂತಿದ್ದೀಯ?

ಗೊತ್ತಾ ನಿಂಗೆ?

ನಿಮ್ಮಪ್ಪೋರು ಹೇಳಿದ್ರಾ? ಅವರಿಗೆ ಹೆಂಗೆ ಗೊತ್ತಾಗ್ತದೆ. ಆ ಕೊರೊನಾ ವರ್ಷ ಯಾರೂ ಯಾರ ಮನೆಗೂ ಹೋಗಲಿಲ್ಲ. ಹೈದರಾಬಾದಲ್ಲೇ ಎಲ್ಲಾ ಮುಗ್ಸಿ, ನಂಗೆ ಒಂದು ಬ್ಯಾಗು, ಅವಳ ಕಂಪ್ಯೂಟರು, ಈ ಫೋನು ಕಳಿಸಿದ್ರು. ಆಮೇಲೆ ನಾನು ಹುಳು ಸಾಕಿಲ್ಲ, ಮಾರ್ಕೆಟ್ಟಿಗೂ ಹೋಗಿಲ್ಲ.

ಹೂಂ. ನಾನೇ ಬರೀತಿದ್ದೆ ನಿಂಗೆ. ಅವಳ ಹಳೇ ಉತ್ತರಗಳಿಂದ ಒಂದೊಂದು ಸಾಲು ಎತ್ತಿ ಜೋಡಿಸ್ತಿದ್ದೆ. ನೀನು ಕೇಳಿದ್ದ ಲೆಕ್ಕ, ಚಿತ್ರ ಎಲ್ಲಾ ಅವಳ ಕಂಪ್ಯೂಟರಿಂದ ಹಂಗಂಗೇ ಕಳಿಸಿದ್ದು. ಒಂದಂಕಿ ಮುಟ್ಟಿಲ್ಲ ನಾನು. ಬೈಯೋದಿದ್ರೆ ಬೈಯಿ. ಸುಮ್ನೆ ಹಂಗೆ ನೋಡಬ್ಯಾಡ.

ಏನಿದು? ನಿನ್ನ ಫೋನ್ ಯಾಕೆ ಕೊಡ್ತಿದ್ದೀಯ? ಇರು, ಕನ್ನಡಕ...

ನವ್ಯನ ಇಮೇಲು ಇದು. ನಿಂಗೆ ಬಂದಿರೋದು. ಹೋದ ತಿಂಗ್ಳು. ಅದಕ್ಕೆ ಮುಂಚೆನೂ, ನೀನು ಬರೆದಾಗೆಲ್ಲ.

ಇದನ್ನ ನಾನು ಬರೆದಿಲ್ಲ.

ನಾನು ಬರೆದಿಲ್ಲ ಇದನ್ನ, ಹಿನಾ. ತಾಳು, ಒಸಿ ನಿಧಾನಕ್ಕೆ ಓದ್ತೀನಿ. ‘ಆಸ್ಪತ್ರೆಯಲ್ಲಿದ್ದೇನೆ. ಉಸಿರು ಸ್ವಲ್ಪ ತಕರಾರು ಮಾಡುತ್ತಿದೆ. ಮೇ ಮೂವತ್ತರ ಮೇಲೆ ಎಲ್ಲರಿಗೂ ಉತ್ತರ ಬರೆಯುತ್ತೇನೆ. ಅಲ್ಲಿವರೆಗೆ ನಿಮ್ಮ ಹುಳುಗಳನ್ನು ಚೆನ್ನಾಗಿ ನೋಡಿಕೊಳ್ಳಿ, ನನಗಿಂತ ಅವಕ್ಕೆ ಹಸಿವು ಜಾಸ್ತಿ.’

ಮೂಗಿಗೆ ಪೈಪು ಹಾಕ್ಕೊಂಡು ಇವಳಿಗೆ ತಮಾಷೆ ನೋಡು.

ಯಾರು ಬರೆದ್ರೂ ತಾನಾಗೇ ಹೋಗ್ತದಾ ಇದು? ಆಸ್ಪತ್ರೇಲಿ ಮಲ್ಕೊಂಡು ಹಾಕಿಟ್ಟಿದ್ದಾ? ನಾನು ವಾರಗಟ್ಲೆ ಕೂತು ಒಂದು ಉತ್ತರ ಜೋಡಿಸೋಕೆ ಮುಂಚೆ ಅವಳೇ ಉತ್ತರ ಕೊಟ್ಬುಡ್ತಿದ್ಳಾ? ಜಪಾನಿನೋರಿಗೂ? ಹಂಗಾದ್ರೆ ಅವರೆಲ್ಲ... ಗೊತ್ತಿದ್ದೂ ಬರೀತಿದ್ರಾ ನನಗೆ?

ಇಷ್ಟು ವರ್ಷದಿಂದ ಊರೋರನ್ನೆಲ್ಲ ಮಾತಾಡಿಸ್ತಾ ಅವ್ಳೆ. ನಂಗೊಂದು ಬರಲಿಲ್ಲ.

ನಾನು ಬರೆದಿದ್ರೆ ತಾನೇ ಬರೋದು. ಅವಳ ಜಾಗದಲ್ಲೇ ಕೂತಿದ್ದೆ ನಾನು, ಅವಳಿಗೆ ಎಲ್ಲಿಂದ ಬರೀಲಿ.

ಗುರುತು ಹಾಕ್ಕೊ, ಹಿನಾ. ಕತ್ತಿನೂ ಹಾಕ್ಕೊ, ಕೆಳಗಿನ ಸಣ್ಣಕ್ಷರನೂ ಹಾಕ್ಕೊ. ನಿಮ್ಮ ಗೈಡಿಗೆ ನಾನೇ ಹೇಳ್ತೀನಿ. ಅವಳ ಈ ಉತ್ತರ ಮಾತ್ರ ಯಾರೂ ನಿಲ್ಲಿಸಬಾರದು, ಕೇಳಿಸ್ತಾ?

ಅಳಬ್ಯಾಡ. ಇಲ್ಲಿ ಬಾ, ಪಕ್ಕದಲ್ಲಿ ಕೂತ್ಕೋ. ನಂಗೆ ಅಂತ ಬೇರೆ ಒಂದು ಇಮೇಲು ಮಾಡ್ಕೊಡು, ನನ್ನ ಹೆಸರಲ್ಲಿ. ಆಯ್ತಾ? ಈಗ ಅವಳಿಗೆ ಬರಿ...

ಬ್ಯಾಡ, ಕೊಡಿಲ್ಲಿ. ನಾನೇ ಬರೀತೀನಿ. ಊಟ ಆಯ್ತಾ ಅಂತ.