ಎರಡೂಮುಕ್ಕಾಲು ಕಿಲೋ

ಬಾವಿ ದಾಟುವವರೆಗೆ ಡಬ್ಬ ಹಗುರವಾಗಿಯೇ ಇತ್ತು.

ನನ್ನ ಚಿಕ್ಕಪ್ಪನ ಮಗ ಅದನ್ನು ಎರಡೇ ಬೆರಳಿಗೆ ಸಿಕ್ಕಿಸಿಕೊಂಡು ನಡೆಯುತ್ತಿದ್ದ. ಬೆನ್ನಿಗೆ ಬೇಸ್ ಗಿಟಾರು. ರಾತ್ರಿ ಹನ್ನೊಂದು ದಾಟಿತ್ತು. ಕೊನೆಯ ಬಸ್ಸು ಅವನನ್ನು ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಗಿತ್ತು. ಅಲ್ಲಿಂದ ಮನೆಗೆ ಅರ್ಧ ಮೈಲಿ. ನಡುವೆ ಗೋಡೌನಿನ ಉದ್ದ ಗೋಡೆ. ಗೋಡೆ ಮುಗಿದ ಮೇಲೆ ಹಾಳುಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ.

ಅವನನ್ನು ಎಲ್ಲರೂ ಕರೆಯುವುದು ದಪ್ಪತಂತಿ ಎಂದು. ಇಪ್ಪತ್ತೆರಡು ವರ್ಷದಿಂದ ಒಂದೇ ವಾದ್ಯತಂಡದಲ್ಲಿ ಬೇಸ್ ನುಡಿಸುತ್ತಾನೆ. ಗಿಟಾರಿನ ದನಿ ದೊಡ್ಡದು ಮಾಡುವ ಅವನ ಹಳೆಯ ಆಂಪು ನಲವತ್ತೆಂಟು ಕಿಲೋ ತೂಗುವ ಪೆಟ್ಟಿಗೆ. ಇಬ್ಬರು ಹೊರಬೇಕು. ಮೊದಲು ಡ್ರಮ್ಮಿನವನು ಕೈ ಹಾಕುತ್ತಿದ್ದ. ಅವನು ಬೇರೆ ತಂಡ ಸೇರಿದ. ಆಮೇಲೆ ಇವನೊಬ್ಬನೇ ಎಳೆದಾಡಿ ಸೊಂಟ ಕೆಡಿಸಿಕೊಂಡ. ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು, "ಇನ್ನೊಂದು ಸಲ ಅದನ್ನ ಎತ್ತಿದ್ರೆ ಹಾಸಿಗೆಯೇ ಗತಿ" ಅಂದಿದ್ದರು. ತಂಡದ ಯಜಮಾನನದು ಇನ್ನೂ ನೇರ ಮಾತು: "ಶನಿವಾರ ಆಂಪ್ ತಗೊಂಡು ಬಾ. ಆಗಲ್ಲ ಅಂದ್ರೆ ಈಗಲೇ ಹೇಳು, ಬೇರೆಯವನ್ನ ನೋಡ್ತೀನಿ."

ಇವನಿಗೆ ಬೇರೆ ಕೆಲಸ ಬರುವುದಿಲ್ಲ.

ಹಾಗಾಗಿ ಅವತ್ತು ರಿಪೇರಿ ಅಂಗಡಿಗೆ ಹೋಗಿ ಈ ಡಿಜಿಟಲ್ ಡಬ್ಬ ತಂದಿದ್ದ. ಮೆಕ್ಯಾನಿಕ್ಕು ಅದನ್ನು ತಕ್ಕಡಿಯಲ್ಲಿಟ್ಟು ತೋರಿಸಿದ್ದ. ಎರಡೂಮುಕ್ಕಾಲು ಕಿಲೋ.

"ಹಳೇ ದೊಡ್ಡ ಆಂಪುಗಳ ದನಿಯನ್ನೆಲ್ಲ ನಕಲು ಮಾಡಿ ಇದರೊಳಗೆ ತುಂಬಿದ್ದಾರೆ. ಗುಂಡಿ ತಿರುಗಿಸು, ಯಾವುದು ಬೇಕೋ ಅದಾಗುತ್ತೆ. ಸೊಂಟ ಉಳಿಯುತ್ತೆ ಕಣಯ್ಯಾ. ಮರ್ಯಾದೆ ಸ್ವಲ್ಪ ಹೋಗುತ್ತೆ, ಊಟದ ಡಬ್ಬಿ ತಂದಿದಾನೆ ಅಂತಾರೆ. ಒಂದು ರಾತ್ರಿ ಇಟ್ಕೊಂಡು ನೋಡು."

ಬಾವಿಯ ಹತ್ತಿರ ಬಂದಾಗ ಬೆನ್ನಮೇಲಿನ ಚೀಲದೊಳಗೆ ದಪ್ಪ ತಂತಿ ಒಂದು ಸಲ "ಡುಂ..." ಎಂದಿತು.

ನಿಂತ. ಚೀಲ ಗೋಡೆಗೆ ತಾಗಿರಬೇಕು ಅಂದುಕೊಂಡ. ಗೋಡೆ ಹತ್ತು ಹೆಜ್ಜೆ ಹಿಂದೆಯೇ ಮುಗಿದಿತ್ತು...

ಮುಂದಿನ ಹೆಜ್ಜೆಗೆ ಡಬ್ಬ ಭಾರವಾಯಿತು. ಎರಡು ಬೆರಳು ಸಾಲದೆ ಕೈತುಂಬ ಹಿಡಿದ. ಇನ್ನಿಪ್ಪತ್ತು ಹೆಜ್ಜೆಗೆ ಎರಡೂ ಕೈ ಬೇಕಾಯಿತು. ಮನೆ ಬಾಗಿಲಿಗೆ ಬರುವಾಗ ಎದೆಗೆ ಅವಚಿಕೊಂಡಿದ್ದ. ತಿರುಗಿ ನೋಡಲಿಲ್ಲ.

ಹೆಂಡತಿ ಬಾಗಿಲು ತೆಗೆದಳು.

"ಇಷ್ಟು ಚಿಕ್ಕದಕ್ಕಾ ಇಷ್ಟು ಏದುಸಿರು?"

"ಮೆಲ್ಲಗೆ ಮಾತಾಡೇ."

"ಯಾಕ್ರೀ?"

"ಸುಮ್ನೆ."

ಅವಳು ಡಬ್ಬ ಈಸಿಕೊಳ್ಳಲು ಹೋಗಿ ಅರ್ಧಕ್ಕೇ ಕೈಬಿಟ್ಟಳು. "ಒಳಗೆ ಕಲ್ಲು ತುಂಬ್ಕೊಂಡು ಬಂದಿದೀರಾ?"

ಸೊಂಟನೋವಿಗೆ ಭಾರ ಅನಿಸಿತೇನೋ ಅಂದುಕೊಂಡಿದ್ದ. ಸೊಂಟದ ನೋವು ಅವಳ ಕೈಗೆ ಬರುವುದಿಲ್ಲವಲ್ಲ.

ಆದರೂ ನೋಡಲೇಬೇಕಿತ್ತು. ಶನಿವಾರಕ್ಕೆ ಎರಡೇ ದಿನ. ಹಿಂದಿನ ಕೋಣೆಯ ಮಂಚದ ಮೇಲೆ ಕಾಲು ಮಡಚಿ ಕೂತ. ಡಬ್ಬದ ವೈರು ಗೋಡೆಗೆ, ಗಿಟಾರಿನ ವೈರು ಡಬ್ಬಕ್ಕೆ, ಹೆಡ್‌ಫೋನ್ ಕಿವಿಗೆ. ಮನೆಯವರ ನಿದ್ದೆ ಕೆಡುವುದಿಲ್ಲ. ಗುಂಡಿ ತಿರುಗಿಸಿದ. ಮೊದಲನೆಯ ದನಿ "ಗುಂಯ್" ಎಂದು ತೆಳ್ಳಗೆ ಬಂತು. ಎರಡನೆಯದು "ಗರ್ರ್" ಎಂದಿತು. ಮೂರನೆಯದು "ಧುಂ..." ಥೇಟ್ ಅವನ ಹಳೆಯ ಪೆಟ್ಟಿಗೆ. ಅದೇ ಗಾತ್ರ, ಅದೇ ಒರಟು. ಸೊಂಟ ಕೆಟ್ಟ ನಾಲ್ಕು ತಿಂಗಳ ಮೇಲೆ ಅವನ ಮುಖ ಅರಳಿತು. ಕಣ್ಣು ಮುಚ್ಚಿ ನುಡಿಸತೊಡಗಿದ.

ಸ್ವಲ್ಪ ಹೊತ್ತಿಗೆ ಸ್ವರದ ಹಿಂದೆ ಇನ್ನೊಂದು ಸದ್ದು ಕೇಳಿತು. "ಟಪ್... ಟಪ್..." ನೀರಿನ ಮೇಲೆ ಹನಿ ಬೀಳುವ ಸದ್ದು. ಎಕೋ ಹೆಚ್ಚಾಗಿರಬೇಕು ಎಂದು ತಡವಿ ಆ ಗುಂಡಿಯನ್ನು ಸೊನ್ನೆಗೆ ತಂದ. ಹನಿ ನಿಲ್ಲಲಿಲ್ಲ. ಅಂಗೈಯಿಂದ ತಂತಿಗಳನ್ನು ಅದುಮಿ ಹಿಡಿದ.

ನಿಶ್ಶಬ್ದ.

ಆಮೇಲೆ, ಬಹಳ ಕೆಳಗಿನಿಂದ... "ಡುಂ-ಡುಂ."

ಅವನ ತಂತಿಯದಲ್ಲ. ಅವನ ಕೈ ತಂತಿಯ ಮೇಲೇ ಇತ್ತು.

"ಡುಂ-ಡುಂ." ನಿಂತಿತು. ಕಾಯಿತು. ಮತ್ತೆ "ಡುಂ-ಡುಂ."

ಬೇರೆ ಯಾರಾದರೂ ಆಗಿದ್ದರೆ ಹೆಡ್‌ಫೋನ್ ಕಿತ್ತೆಸೆದು ಓಡುತ್ತಿದ್ದರು. ಇವನು ಬೇಸ್ ನುಡಿಸುವವನು. ಶುರು ಮಾಡುವುದು ಇವನ ಕೆಲಸವಲ್ಲ. ಯಾರೇ ಶುರು ಮಾಡಲಿ, ಅಡಿಯಿಂದ ಆನಿಸಿ ಹಿಡಿಯುವುದೇ ಕೆಲಸ. ಇಪ್ಪತ್ತೆರಡು ವರ್ಷದ ರೂಢಿ. ಬೆರಳು ಅವನನ್ನು ಕೇಳಲಿಲ್ಲ. ತಾನಾಗಿ ಇಳಿದು ಆ ಸ್ವರಕ್ಕೆ ಜೊತೆ ಕೊಟ್ಟಿತು.

ಕೆಳಗಿನದು ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಹೆಡ್‌ಫೋನಿನ ಬಲಕಿವಿಯಲ್ಲಿ ಮಾತ್ರ ಒಂದು ಉಸಿರು ಬಂತು. "ಹ್ಹಾ..." ಬಹಳ ಕಾಲ ಕಾದವರು ಬಿಡುವ ಉಸಿರು.

ಅಲ್ಲಿಂದ ಮುಂದೆ ಅವನಿಗೆ ನಿಲ್ಲಿಸಲಾಗಲಿಲ್ಲ. ನಿಲ್ಲಿಸಿದರೆ ಅದು ಹಲ್ಲು ಅದುರುವಷ್ಟು ಜೋರಾಗಿ ಬಡಿಯುತ್ತಿತ್ತು. ಜೊತೆ ಕೊಟ್ಟರೆ ತಣ್ಣಗಾಗುತ್ತಿತ್ತು. ಕಣ್ಣು ತೆರೆಯುವ ಧೈರ್ಯ ಇರಲಿಲ್ಲ. ಬೆವರು ಮೂಗಿನ ತುದಿಯಿಂದ ಗಿಟಾರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಎಷ್ಟು ಹೊತ್ತು ನುಡಿಸಿದನೋ ಅವನಿಗೇ ಗೊತ್ತಿಲ್ಲ.

ಹೆಗಲ ಮೇಲೆ ಕೈ ಬಿತ್ತು. ಕಿರುಚಿದ. ಹೆಂಡತಿ.

"ರೀ... ಕತ್ತಲಲ್ಲಿ ಏನು ಮಾಡ್ತಿದೀರಿ?"

"ನುಡಿಸ್ತಿದೀನಿ, ಕಾಣ್ಸಲ್ವಾ?"

"ಕರೆಂಟ್ ಹೋಗಿ ಒಂದು ಗಂಟೆ ಆಯ್ತು."

ಕಣ್ಣು ಬಿಟ್ಟ. ಫ್ಯಾನು ನಿಂತಿತ್ತು. ಕೋಣೆ ಕಪ್ಪಗಿತ್ತು. ಡಬ್ಬದ ಪುಟ್ಟ ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಅದಕ್ಕೆ ಬ್ಯಾಟರಿ ಇಲ್ಲ. ಅವನು ಗೋಡೆಯಿಂದ ವೈರು ಕಿತ್ತ. ದೀಪ ಉರಿಯುತ್ತಲೇ ಇತ್ತು... ಇಬ್ಬರೂ ನೋಡುತ್ತಿದ್ದರು. ಆಮೇಲೆ "ಟಿಕ್" ಎಂದು ಆರಿತು. ಯಾರೋ ಬೆರಳಿಟ್ಟು ಆರಿಸಿದ ಹಾಗೆ.

"ಇನ್ನೊಬ್ಬರು ಯಾರು ಬಂದಿದ್ದು?" ಅವಳು ಅವನ ತೋಳು ಹಿಡಿದು ಕೇಳಿದಳು.

"ಯಾವ ಇನ್ನೊಬ್ಬರು?"

"ಕಾಲಲ್ಲಿ ತಾಳ ಹಾಕೋ ಸದ್ದು ಕೇಳಿ ಎದ್ದು ಬಂದೆ. ನಿಮ್ಮ ಕಾಲು ಮಂಚದ ಮೇಲಿದೆಯಲ್ಲ..."

ಬೆಳಗಾಗುವವರೆಗೆ ಇಬ್ಬರೂ ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಬೆಳಿಗ್ಗೆ ಹೋಗಿ ಡಬ್ಬ ಎತ್ತಿದ. ಹೂವಿನಷ್ಟು ಹಗುರ. ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣ ಹೊಳೆಯಿತು. ಭಾರ ಡಬ್ಬದಲ್ಲಿಲ್ಲ. ಹಾಗಾದರೆ ಎಲ್ಲಿ ಇಳಿಯಿತು?

ಡಬ್ಬ ವಾಪಸು ಕೊಡಲು ಅಂಗಡಿ ತೆರೆಯುವ ಮೊದಲೇ ಹೋಗಿ ಶಟರಿನ ಮುಂದೆ ನಿಂತಿದ್ದ.

"ಯಾಕಯ್ಯಾ, ಹಿಡಿಸಲಿಲ್ವಾ?"

"ಭಾರ."

"ಭಾರವಾ! ನನ್ನ ಮೊಮ್ಮಗಳು ಎತ್ತಾಡ್ತಾಳೆ."

"ನೀರು ತೊಟ್ಟಿಕ್ಕೋ ಸದ್ದು ಇದೆಯಲ್ಲ ಇದರಲ್ಲಿ, ಅದು ಯಾವ ಆಂಪಿಂದು?"

ಮೆಕ್ಯಾನಿಕ್ಕು ಅವನ ಮುಖ ನೋಡಿದ. "ಅಂಥದ್ದು ಯಾವುದೂ ಇಲ್ಲ. ನಿದ್ದೆ ಮಾಡು ಹೋಗು."

ಶನಿವಾರ ಬಂತು. ಹೆಂಡತಿ ಬೇಡ ಎಂದಳು. ಯಜಮಾನನಿಗೆ ಏನೆಂದು ಹೇಳುವುದು? ಹಳೆಯ ಪೆಟ್ಟಿಗೆಯನ್ನೇ ಟೆಂಪೋದಲ್ಲಿ ಹಾಕಿಸಿಕೊಂಡು ಹೊರಟ. ಜೊತೆಗೆ ನನ್ನನ್ನು ಕರೆದ. ಕಾರ್ಯಕ್ರಮ ಮೊದಲ ಮಹಡಿಯಲ್ಲಿ. ಟೆಂಪೋದವನು ಪೆಟ್ಟಿಗೆಯನ್ನು ಮೆಟ್ಟಿಲ ಬುಡದಲ್ಲಿ ಇಳಿಸಿ ಹೊರಟುಹೋದ.

"ತಡಿ, ಆ ಕಡೆ ನಾನು ಹಿಡೀತೀನಿ" ಅಂದೆ.

"ಬೇಡಣ್ಣ" ಅಂದ. ಮುಖದಲ್ಲಿ ರಕ್ತ ಇರಲಿಲ್ಲ. "ನೀನು ಹಿಂದೆ ಬಾ. ಹತ್ತಿರ ಬರಬೇಡ."

ಪೆಟ್ಟಿಗೆಯ ಎರಡು ಬದಿಗೆ ಎರಡು ತೊಗಲಿನ ಹಿಡಿ. ಅವನು ಮೇಲಿನ ಬದಿಯದನ್ನು ಹಿಡಿದು ಎತ್ತಿದ. ಒಂದೇ ಕೈಯಲ್ಲಿ. ನನ್ನ ಕಡೆಯ ಹಿಡಿ ಜೋತುಬೀಳಲಿಲ್ಲ. ಬಿಗಿಯಾಗಿ ಮೇಲಕ್ಕೆ ಎದ್ದು ನಿಂತಿತ್ತು.

ಹತ್ತೊಂಬತ್ತು ಮೆಟ್ಟಿಲು. ಪೆಟ್ಟಿಗೆ ಒಂದು ಸಲವೂ ಓರೆಯಾಗಲಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಮೂರು ಮೆಟ್ಟಿಲು ಹಿಂದಿದ್ದೆ.